ವೃದ್ಧರ ಮನೆಯಲ್ಲಿ ಕೆಲಸವೂ ವಿನೋದವೂ



ನಮ್ಮ ಅಜ್ಜಂದಿರ ಕಾಲದಲ್ಲಿ ಮುಪ್ಪಿನವರಿಗೆಂದು ಹಳ್ಳಿಯಲ್ಲಿ ಬೇರೆ ಮನೆಯೊಂದು ಇರಲಿಲ್ಲ. ಮುದುಕನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಾ ದಾರಿಹೋಕರನ್ನು ಮಾತಾಡಿಸುತ್ತಿದ್ದನು. ಮುದುಕಿಯು ಕಾಲಿನಿಂದ ತೊಟ್ಟಿಲನ್ನು ತೂಗುತ್ತಾ ಕೈಯಿಂದ ಅವರೆಕಾಯಿ ಸುಲಿಯುತ್ತಿದ್ದಳು. ಈಗಲಾದರೋ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೂ ಮುಂಬಯಿಗೂ ಅರಬಿ ದೇಶಗಳಿಗೂ ಹೋಗಿರುವದರಿಂದಲೂ, ಮಕ್ಕಳಿಲ್ಲದವರು ಒಂಟಿಯಾಗಿ ಉಳಿಯುವದರಿಂದಲೂ, ವೃದ್ಧಾಶ್ರಮವೆಂಬ ಮಾತು ಹಳ್ಳಿಯವರಿಗೂ ಪರಿಚಯವಾಗಿಬಿಟ್ಟಿದೆ. ೨೦೦೭ನೇ ಇಸವಿಯಲ್ಲಿ ಭಾರತದಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಹುಟ್ಟಿತು. ಗತಿಯಿಲ್ಲದ ವೃದ್ಧರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕಡಿಮೆಯಲ್ಲಿ ೧೫೦ ಮಂದಿಗೆ ಸ್ಥಳವುಳ್ಳ ಒಂದು ಮನೆಯನ್ನಾದರೂ ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದು ಅದರ ೧೯ನೇ ಕಲಮು ಹೇಳುತ್ತದೆ.

ಇಂಥಾ ಮನೆಯಲ್ಲಿ ಇರುವವರಿಗೆ ಅನ್ನ, ವಸ್ತ್ರ, ಔಷಧ, ಹಾಸಿಗೆ ಇವು ನಾಲ್ಕು ಸಿಕ್ಕಿದರೆ ಸಾಕೆಂದು ಅನೇಕರು ನೆನಸುತ್ತಾರೆ. ಆದರೆ ಮುಂಜಾನೆಯ ಕಾಫಿ ಕುಡಿದ ಮೇಲೆ ರಾತ್ರಿ ದೀಪ ಆರಿಸುವ ತನಕ ಹದಿಮೂರು ಹದಿನಾಲ್ಕು ತಾಸುಗಳುಂಟು. ಈ ತಾಸುಗಳನ್ನು ಅವರು ಏನು ಮಾಡುತ್ತಾ ಕಳೆಯಬೇಕು? ಇದೇ ಈ ತಿಂಗಳಿನ ಪಾಠದ ವಿಷಯ. ಇದು ಆಶ್ರಮವನ್ನು ನಡಿಸುವವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಎಣಿಸಬಾರದು. ನಮ್ಮಲ್ಲಿ ಕೆಲವರು ಅಂಥಾ ಮನೆಗಳಲ್ಲಿ ಆರೈಕೆಯ ಕೆಲಸದಲ್ಲಿದ್ದಾರೆ. ಕೆಲವರ ಹೆತ್ತವರು ಅಲ್ಲಿದ್ದಾರೆ. ಅನೇಕರು ಹಬ್ಬದ ಸಮಯದಲ್ಲಿ ಅವುಗಳನ್ನು ಸಂದರ್ಶಿಸುತ್ತಾರೆ. ಮತ್ತು ಮುದುಕರಾಗದೆ ಇರುವವರು ನಮ್ಮೊಳಗೆ ಯಾರು?

೧. ನಾವು ಕಂಡದ್ದು

ಕೆಲವು ವರುಷಗಳ ಹಿಂದೆ ನಾವು ಸಭೆಯ ಕೆಲವು ಯೌವನಸ್ಥರನ್ನು ಕೂಡಿಸಿಕೊಂಡು ಒಂದು ವೃದ್ಧರ ಮನೆಗೆ ಹೋದೆವು. ಕಟ್ಟಡವು ಶುದ್ಧವಾಗಿತ್ತು, ನೆಲವನ್ನು ಚೆನ್ನಾಗಿ ಒರಸಿದ್ದರು, ಊಟವು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಪಡಸಾಲೆಯ ಗೋಡೆಯ ಉದ್ದಕ್ಕೂ ಇಟ್ಟಿದ್ದ ಕುರ್ಚಿಗಳಲ್ಲಿ ಇಪ್ಪತ್ತು ಮಂದಿ ಸಾಲಾಗಿ ಕೂತುಕೊಂಡು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಮೂಲೆಯಲ್ಲಿ ಟೆಲಿವಿಷನ್ ಕೂಗುತ್ತಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತವರ ಹೆಸರೇನೆಂದು ಒಬ್ಬರನ್ನು ಕೇಳಿದಾಗ, ಎರಡು ವರುಷದಿಂದ ಜೊತೆಯಲ್ಲಿದ್ದರೂ ತನಗೆ ಗೊತ್ತಿಲ್ಲವೆಂದರು.

ನಾವು ಹಾಡಿದೆವು, ಒಂದು ಭಾಷಣ ಮಾಡಿದೆವು, ಬಾಳೆಹಣ್ಣು ಬಿಸ್ಕತ್ತುಗಳನ್ನು ಹಂಚಿದೆವು, ಎಲ್ಲರೂ ಚಪ್ಪಾಳೆ ತಟ್ಟಬೇಕೆಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆವು. ಒಬ್ಬ ಅಜ್ಜಿಯು ಬಿಸ್ಕತ್ತನ್ನು ತಕ್ಕೊಂಡು ಮಡಿಲಲ್ಲಿಟ್ಟುಕೊಂಡು, "ಇದೆಲ್ಲಾ ಸರಿ ಮಗಾ, ನನಗೆ ಏನಾದರೂ ಕೆಲಸ ಇದ್ದರೆ ಕೊಡು. ಇಲ್ಲಿ ನಿನ್ನೆ ಯಾವುದು, ಇವತ್ತು ಯಾವುದು ಅಂತಲೇ ತಿಳಿಯೋದಿಲ್ಲ" ಅಂದಳು. ಆಕೆಯು ನಲವತ್ತು ವರುಷ ನಾಟಿ ಮಾಡಿದವಳು, ಹಸು ಕರೆದವಳು, ಆರು ಮಕ್ಕಳನ್ನು ಸಾಕಿದವಳು. ಅಲ್ಲಿಯ ಮೇಲ್ವಿಚಾರಕರು ಒಳ್ಳೇ ಮನಸ್ಸಿನಿಂದಲೇ, "ಪಾಪ, ಜೀವಮಾನವೆಲ್ಲಾ ದುಡಿದಿದ್ದಾರೆ, ಇನ್ನು ವಿಶ್ರಾಂತಿ ತಕ್ಕೊಳ್ಳಲಿ" ಅಂದರು. ಆ ದಿನ ನಾವು ಸಂತೋಷಪಡಿಸಿದ್ದು ಹೆಚ್ಚಾಗಿ ನಮ್ಮನ್ನೇ ಎಂಬದು ಹಿಂತಿರುಗುವ ದಾರಿಯಲ್ಲಿ ನಮಗೆ ತಿಳಿಯಿತು. ಅಜ್ಜಿಯು ಕೇಳಿದ್ದು ವಿನೋದವನ್ನಲ್ಲ, ಉಪಯೋಗವುಳ್ಳ ಹಗಲನ್ನು.

೨. ಮೂರು ರೋಗಗಳು, ಮತ್ತು ನ್ಯೂ ಬರ್ಲಿನ್ ಊರಿನ ಹಕ್ಕಿಗಳು

ಇದೇ ಮಾತನ್ನು ಬೇರೊಂದು ದೇಶದಲ್ಲಿ ಒಬ್ಬ ವೈದ್ಯನು ಕಂಡುಕೊಂಡನು. ಅಮೇರಿಕಾದ ನ್ಯೂಯಾರ್ಕ್ ರಾಜ್ಯದಲ್ಲಿ ನ್ಯೂ ಬರ್ಲಿನ್ ಎಂಬ ಚಿಕ್ಕ ಊರಿದೆ. ಅಲ್ಲಿಯ ಚೇಸ್ ಮೆಮೋರಿಯಲ್ ಎಂಬ ಶುಶ್ರೂಷಾಗೃಹಕ್ಕೆ ೧೯೯೧ರಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯರು ವೈದ್ಯಕೀಯ ಮುಖ್ಯಾಧಿಕಾರಿಯಾಗಿದ್ದರು. ಅಲ್ಲಿ ೮೦ ಮಂದಿ ಬಹಳ ಅಶಕ್ತ ವೃದ್ಧರಿದ್ದರು; ಐವರಲ್ಲಿ ನಾಲ್ವರಿಗೆ ಬುದ್ಧಿಶಕ್ತಿಯ ಕುಂದು ಇತ್ತು. ಥಾಮಸರು ಮೊದಲು ರೋಗಗಳನ್ನು ಹುಡುಕಿದರು, ಔಷಧಗಳನ್ನು ಬದಲಾಯಿಸಿದರು. ಆದರೂ ವೃದ್ಧರ ಮುಖದಲ್ಲಿ ಕಳೆ ಬರಲಿಲ್ಲ. ಕಡೆಗೆ ಅವರು ಔಷಧದ ಪೆಟ್ಟಿಗೆಯಿಂದ ಗುಣವಾಗದ ಮೂರು ರೋಗಗಳು ಈ ಮನೆಯಲ್ಲಿವೆಯೆಂದು ತೀರ್ಮಾನಿಸಿದರು. ಅವು ಯಾವವೆಂದರೆ, ಬೇಸರ, ಒಂಟಿತನ, ಕೈಲಾಗದವನೆಂಬ ಭಾವನೆ.

ಬೇಸರಕ್ಕೆ ಮದ್ದು ಜೀವಕಳೆ, ಒಂಟಿತನಕ್ಕೆ ಮದ್ದು ಸಂಗಾತ, ಕೈಲಾಗದ ಭಾವನೆಗೆ ಮದ್ದು ಮತ್ತೊಂದು ಜೀವವನ್ನು ನೋಡಿಕೊಳ್ಳುವ ಅವಕಾಶ ಎಂದು ಎಣಿಸಿ, ಅವರು ಆ ಮನೆಯೊಳಕ್ಕೆ ೨ ನಾಯಿಗಳನ್ನೂ ೪ ಬೆಕ್ಕುಗಳನ್ನೂ ೧೦೦ ಚಿಕ್ಕ ಗಿಳಿಗಳನ್ನೂ ತರಿಸಿದರು. ಮೊಲಗಳೂ ಮೊಟ್ಟೆಯಿಡುವ ಕೋಳಿಗಳೂ ಬಂದವು. ಕೋಣೆಕೋಣೆಗೂ ಜೀವವಿರುವ ಗಿಡವನ್ನಿಟ್ಟರು, ಹೊರಗೆ ತರಕಾರಿಯ ಮತ್ತು ಹೂವಿನ ತೋಟವನ್ನು ಮಾಡಿದರು. ಅಲ್ಲಿ ಕೆಲಸ ಮಾಡುವವರ ಮಕ್ಕಳು ಶಾಲೆ ಬಿಟ್ಟ ಮೇಲೆ ಆ ಮನೆಗೇ ಬಂದು ಆಡುವ ಹಾಗೆ ಏರ್ಪಡಿಸಿದರು.

ಹಕ್ಕಿಗಳು ಬಂದ ದಿನ ಪಂಜರಗಳು ಇನ್ನೂ ಬಂದಿರಲಿಲ್ಲ. ತಂದವನು ನೂರು ಹಕ್ಕಿಗಳನ್ನೂ ಕೂದಲು ಕತ್ತರಿಸುವ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋಗಿಬಿಟ್ಟನು. ಪಂಜರಗಳು ಬಂದಾಗ ಅವು ಬಿಡಿಬಿಡಿ ತುಂಡುಗಳಾಗಿದ್ದವು. ವೈದ್ಯರೂ ಶುಶ್ರೂಷೆಯವರೂ ಅವುಗಳನ್ನು ಜೋಡಿಸುತ್ತಾ, ಹಾರಾಡುವ ಹಕ್ಕಿಗಳ ಹಿಂದೆ ಓಡುತ್ತಾ ಪಟ್ಟ ಪಾಡನ್ನು ವೃದ್ಧರು ಗಾಜಿನ ಆಚೆಯಿಂದ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ಯಾವ ಕಾರ್ಯಕ್ರಮದ ಪಟ್ಟಿಯಲ್ಲಿಯೂ ಬರೆದಿರದ ಈ ನಗೆಯೇ ಆ ಮನೆಯ ಮೊದಲನೆಯ ವಿನೋದವಾಯಿತು.

ಬಳಿಕ ನಡೆದದ್ದನ್ನು ಎರಡು ವರುಷಗಳ ಪರ್ಯಂತರ ಹತ್ತಿರದ ಅಂಥಾದ್ದೇ ಮತ್ತೊಂದು ಮನೆಯೊಂದಿಗೆ ಹೋಲಿಸಿ ನೋಡಿದರು. ಒಬ್ಬೊಬ್ಬರಿಗೆ ಬೇಕಾಗುವ ಔಷಧಗಳ ಸಂಖ್ಯೆಯು ಆ ಇನ್ನೊಂದು ಮನೆಯ ಸಂಖ್ಯೆಗಿಂತ ಅರ್ಧಕ್ಕೆ ಇಳಿಯಿತು. ಔಷಧದ ಖರ್ಚು ಅಲ್ಲಿಯ ಖರ್ಚಿನ ನೂರಕ್ಕೆ ೩೮ ಮಾತ್ರ ಆಯಿತು. ಮರಣಗಳು ನೂರಕ್ಕೆ ೧೫ರಷ್ಟು ಕಡಿಮೆಯಾದವು. ಮಾತಾಡಲಾರರೆಂದು ನೆನಸಲ್ಪಟ್ಟವರು ಮಾತಾಡಿದರು. ನಡೆಯಲೊಲ್ಲದವರು ಶುಶ್ರೂಷೆಯವರ ಬಳಿಗೆ ಬಂದು, ನಾಯಿಯನ್ನು ಅಡ್ಡಾಡಿಸಿಕೊಂಡು ಬರುತ್ತೇವೆಂದರು.

ಇದನ್ನು ಓದಿ ನಾವೂ ನೂರು ಗಿಳಿಗಳನ್ನು ಕೊಳ್ಳಬೇಕೆಂದು ಯಾರೂ ತಿಳಿಯಬಾರದು. ಮೇಲಾಗಿ, ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವದು ಈ ದೇಶದ ವನ್ಯಜೀವಿ ಕಾಯಿದೆಗೆ ವಿರೋಧವಾದದ್ದು. ನಮ್ಮ ಹಳ್ಳಿಗಳಲ್ಲಿ ಕೋಳಿ, ಆಡಿನ ಮರಿ, ಕರು, ಬೆಕ್ಕು ಇವು ಇದ್ದೇ ಇವೆ. ತುಳಸಿ, ಮಲ್ಲಿಗೆ, ಕನಕಾಂಬರ, ಕರಿಬೇವು ಒಂದು ಒಡೆದ ಕೊಡದಲ್ಲಿಯೂ ಬೆಳೆಯುತ್ತವೆ. ನಮ್ಮ ಮನೆಗಳಲ್ಲಿ ಜೀವಗಳಿಗೆ ಕೊರತೆಯಿಲ್ಲ. ಅವುಗಳನ್ನು ವೃದ್ಧರ ಕೈಗೆ ಒಪ್ಪಿಸುವ ಧೈರ್ಯವೇ ಕೊರತೆ.

೩. ಆರಿಸಿಕೊಳ್ಳುವ ಹಕ್ಕು

ಇದಕ್ಕಿಂತ ಮೊದಲು, ೧೯೭೬ರಲ್ಲಿ, ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಸ್ತ್ರೀಯರು ಅಮೇರಿಕಾದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧರ ಮನೆಯಲ್ಲಿ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಅಂತಸ್ತಿನಲ್ಲಿ ಇರುವವರಿಗೆ, "ನಿಮ್ಮ ಕೋಣೆಯ ಸಾಮಾನುಗಳನ್ನು ನಿಮ್ಮ ಇಷ್ಟದಂತೆ ಇಟ್ಟುಕೊಳ್ಳಿರಿ, ಈ ಗಿಡಗಳಲ್ಲಿ ಬೇಕಾದದ್ದನ್ನು ಆರಿಸಿಕೊಂಡು ನೀವೇ ಸಾಕಿರಿ, ಸಿನೆಮಾವನ್ನು ಎರಡು ರಾತ್ರಿ ತೋರಿಸುತ್ತೇವೆ, ಯಾವ ರಾತ್ರಿ ಬರುವದೆಂದು ನೀವೇ ಹೇಳಿರಿ" ಎಂದು ತಿಳಿಸಲಾಯಿತು. ಇನ್ನೊಂದು ಅಂತಸ್ತಿನವರಿಗೂ ಗಿಡ ಸಿಕ್ಕಿತು, ಸಿನೆಮಾ ಸಿಕ್ಕಿತು. ಆದರೆ ಗಿಡಕ್ಕೆ ನೀರೆರೆಯುವವರು ಶುಶ್ರೂಷೆಯವರು, ರಾತ್ರಿಯನ್ನು ಗೊತ್ತುಮಾಡುವವರು ಮೇಲ್ವಿಚಾರಕರು. ಕೆಲವು ವಾರಗಳಲ್ಲಿಯೇ ಮೊದಲನೆಯ ಗುಂಪಿನವರಲ್ಲಿ ನೂರಕ್ಕೆ ೯೩ ಮಂದಿ ಹೆಚ್ಚು ಚುರುಕಾದರೆಂದೂ, ಎರಡನೆಯ ಗುಂಪಿನವರಲ್ಲಿ ನೂರಕ್ಕೆ ೭೧ ಮಂದಿ ಇನ್ನಷ್ಟು ಕುಂದಿದರೆಂದೂ ಕಂಡುಬಂತು. ಒಂದೂವರೆ ವರುಷದ ಮೇಲೆ ನೋಡಿದಾಗ ಮೊದಲನೆಯ ಗುಂಪಿನಲ್ಲಿ ಮರಣಗಳೂ ಕಡಿಮೆಯಾಗಿದ್ದವು. ಆದರೆ ಅಲ್ಲಿ ಇದ್ದವರು ಒಟ್ಟಿನಲ್ಲಿ ನೂರಕ್ಕೂ ಕಡಿಮೆ ಮಂದಿಯಾದ್ದರಿಂದ, ಮತ್ತು ಆ ಲೇಖಕಿಯರೇ ಮುಂದೆ ತಮ್ಮ ಲೆಕ್ಕದ ತಪ್ಪನ್ನು ತಿದ್ದಿದ್ದರಿಂದ, ಮರಣದ ವಿಷಯವಾದ ಮಾತನ್ನು ಹೆಚ್ಚು ಗಟ್ಟಿಯಾಗಿ ಹಿಡಿಯಲಾಗದು. ಉಳಿದ ಪಾಠ ಮಾತ್ರ ಸ್ಪಷ್ಟವಾಗಿಯೇ ಇದೆ.

ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಎರಡು ಗುಂಪಿನವರಿಗೂ ಸಿಕ್ಕಿದ ವಸ್ತುಗಳು ಒಂದೇ. ಒಬ್ಬರಿಗೆ ಅವು ದಾನವಾಗಿ ಬಂದವು, ಇನ್ನೊಬ್ಬರಿಗೆ ಸ್ವಂತದ ಕೆಲಸವಾಗಿ ಬಂದವು. ಆದಕಾರಣ ವೃದ್ಧರಿಗೆ ಒಂದು ಆಟವನ್ನೋ ಹಾಡನ್ನೋ ತರುವವರು, "ಇವತ್ತು ಇದನ್ನು ಆಡಬೇಕು" ಎನ್ನದೆ, "ಅಜ್ಜಾ, ಚೌಕಾಬಾರ ಆಡೋಣವೋ, ತೋಟಕ್ಕೆ ಹೋಗೋಣವೋ?" ಎಂದು ಕೇಳತಕ್ಕದ್ದು. ಎರಡೂ ಬೇಡವೆಂದರೆ ಅದನ್ನೂ ಮರ್ಯಾದೆಯಿಂದ ಒಪ್ಪಿಕೊಳ್ಳತಕ್ಕದ್ದು. ಸುಮ್ಮನೆ ಕೂತಿರುವದೂ ಕೆಲವು ದಿನ ಮನುಷ್ಯನ ಹಕ್ಕೇ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯಿದೆ. ಜರ್ಮನಿಯ ಮಾರ್ಗ್ರೆಟ್ ಬಾಲ್ಟೆಸ್ ಎಂಬ ವಿದ್ವಾಂಸೆಯು ವೃದ್ಧರ ಮನೆಗಳಲ್ಲಿ ಆರೈಕೆಯವರ ನಡತೆಯನ್ನು ಬಹುಕಾಲ ಪರಿಶೀಲಿಸಿದಳು. ವೃದ್ಧನು ಸಹಾಯ ಕೇಳಿದಾಗ ಎಲ್ಲರೂ ಹತ್ತಿರ ಬರುತ್ತಾರೆ, ತಾನೇ ಅಂಗಿ ಹಾಕಿಕೊಳ್ಳುತ್ತಿರುವಾಗ ಯಾರೂ ತಿರುಗಿ ನೋಡುವದಿಲ್ಲ, ಹೀಗಾಗಿ ಅಶಕ್ತನಾದರೆ ಮಾತ್ರ ಸಂಗಾತ ಸಿಕ್ಕುವದೆಂಬದನ್ನು ಅವನು ಕಲಿತುಕೊಳ್ಳುತ್ತಾನೆ ಎಂದು ಆಕೆ ತೋರಿಸಿದಳು. ನಾವು ಅವಸರದಿಂದ ಅಜ್ಜಿಯ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡು ತೊಳೆಯುವಾಗ ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಆ ಕೈಯ ಬಲವನ್ನೂ ಅದರೊಡನೆ ಕಿತ್ತುಕೊಳ್ಳುತ್ತೇವೆ.

೪. ಬಂದು ಹೋಗುವವರ ವಿಷಯವಾಗಿ

ಇಲ್ಲಿ ನಮ್ಮ ಒಂದು ತಪ್ಪನ್ನು ಮರೆಮಾಡದೆ ಹೇಳಬೇಕಾಗಿದೆ. ಮೊದಲಿನ ಸಂದರ್ಶನದ ಬಳಿಕ ನಾವು ಪ್ರತಿ ಶನಿವಾರ ಮೂರು ಗಂಟೆಗೆ ಅಲ್ಲಿಗೆ ಹೋಗಲಾರಂಭಿಸಿದೆವು. ಅವರೆಕಾಯಿಯ ಬುಟ್ಟಿಯನ್ನು ಕಂಡು ಆ ಅಜ್ಜಿಯ ಬೆರಳುಗಳು ತಾವೇ ಓಡಿದವು. ನಮ್ಮ ಹುಡುಗರು ಒಂದು ಕಾಯಿ ಸುಲಿಯುವಷ್ಟರಲ್ಲಿ ಆಕೆ ನಾಲ್ಕು ಸುಲಿದು, ಅವರ ನಿಧಾನವನ್ನು ಕಂಡು ನಕ್ಕಳು. ಪೇಟೆಯಲ್ಲಿ ದರ್ಜಿಯಾಗಿದ್ದ ಒಬ್ಬ ಅಜ್ಜನು ನಮ್ಮ ಹುಡುಗನೊಬ್ಬನಿಗೆ ಗುಂಡಿ ಹೊಲಿಯುವದನ್ನು ಕಲಿಸಿದನು. ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಮಳೆಗಾಲ ಬಂತು, ಪರೀಕ್ಷೆಗಳು ಬಂದವು, ಒಬ್ಬೊಬ್ಬರಾಗಿ ತಪ್ಪಿಸಿಕೊಂಡೆವು. ಬರುವದಿಲ್ಲವೆಂದು ಹೇಳಿ ಕಳುಹಿಸಲೂ ಇಲ್ಲ.

ನಾಲ್ಕು ತಿಂಗಳ ಮೇಲೆ ಪುನಃ ಹೋದಾಗ ಅಡಿಗೆಯವಳು ನಮಗೆ ಹೇಳಿದ್ದೇನಂದರೆ, ದರ್ಜಿಯಜ್ಜನು ಶನಿವಾರ ಶನಿವಾರ ಸ್ನಾನಮಾಡಿ, ಮಡಿಸಿಟ್ಟ ಅಂಗಿ ಹಾಕಿಕೊಂಡು, ಸೂಜಿ ದಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದನು. ಏಳು ಶನಿವಾರ ಹೀಗೆ ಕೂತನು. ಎಂಟನೆಯ ಶನಿವಾರ ಅಂಗಿ ಬದಲಾಯಿಸಲೊಲ್ಲೆನೆಂದನು. ಆ ಮೇಲೆ ಹಾಸಿಗೆಯಿಂದ ಏಳುವದೂ ಕಡಿಮೆಯಾಯಿತು. ನಾವು ಹತ್ತಿರ ಹೋಗಿ ಮಾತಾಡಿಸಿದಾಗ ಅವನು ಗೋಡೆಯ ಕಡೆಗೆ ತಿರುಗಿಕೊಂಡನು. ಆ ವರುಷ ತೀರುವದಕ್ಕೆ ಮೊದಲೇ ಅವನು ತೀರಿಹೋದನು. ನಮ್ಮಿಂದಲೇ ತೀರಿಹೋದನೆಂದು ಹೇಳಲಾರೆವು. ಮುಪ್ಪಿಗೆ ಅನೇಕ ಕಾರಣಗಳುಂಟು. ಆದರೆ ಆ ಡಬ್ಬಿಯನ್ನು ನಾವು ಮರೆಯಲಾರೆವು.

ಇಂಥಾದ್ದು ನಮಗೆ ಮಾತ್ರ ಸಂಭವಿಸಿದ್ದಲ್ಲ. ೧೯೭೬ರಲ್ಲಿ ರಿಚರ್ಡ್ ಶುಲ್ಜ್ ಎಂಬವರು ಕಾಲೇಜಿನ ವಿದ್ಯಾರ್ಥಿಗಳು ವೃದ್ಧರನ್ನು ಸಂದರ್ಶಿಸುವದರ ಫಲವನ್ನು ಪ್ರಕಟಿಸಿದರು. ವಿದ್ಯಾರ್ಥಿಯು ಯಾವಾಗ ಬರುವನೆಂದು ಮುಂಚಿತವಾಗಿ ತಿಳಿದವರೂ, ಯಾವಾಗ ಬರಬೇಕೆಂದು ತಾವೇ ಗೊತ್ತುಮಾಡಿದವರೂ ಹೆಚ್ಚು ಸ್ವಸ್ಥರಾದರು. ಹೇಳದೆ ಕೇಳದೆ ಬಂದವರಿಂದ ಅಷ್ಟು ಪ್ರಯೋಜನವಾಗಲಿಲ್ಲ. ಆದರೆ ಪರೀಕ್ಷೆ ಮುಗಿದು ಸಂದರ್ಶನಗಳು ನಿಂತುಹೋದ ಮೇಲೆ ಏನಾಯಿತೆಂಬದನ್ನು ೧೯೭೮ರಲ್ಲಿ ಅವರೇ ಮತ್ತೊಬ್ಬರ ಸಂಗಡ ಬರೆದರು. ಹೆಚ್ಚು ಪ್ರಯೋಜನ ಹೊಂದಿದ್ದ ಆ ಎರಡು ಗುಂಪಿನವರೇ ಆರೋಗ್ಯದಲ್ಲಿಯೂ ಉತ್ಸಾಹದಲ್ಲಿಯೂ ಹೆಚ್ಚಾಗಿ ಕುಸಿದರು. ಉಳಿದವರು ಇದ್ದ ಹಾಗೆಯೇ ಇದ್ದರು.

ಹೀಗಿರಲಾಗಿ ಸಂದರ್ಶನವನ್ನು ಆರಂಭಿಸುವವರು ಮೊದಲು ಅದರ ಕೊನೆಯನ್ನು ಯೋಚಿಸಬೇಕು. ವಾರಕ್ಕೊಂದಾವರ್ತಿ ಆಗದಿದ್ದರೆ ತಿಂಗಳಿಗೊಂದಾವರ್ತಿ ಹೋಗಿರಿ; ಆದರೆ ಹೇಳಿದ ದಿನ ತಪ್ಪಬೇಡಿರಿ. ಇಬ್ಬಿಬ್ಬರು ಸೇರಿ ಸರದಿಯಂತೆ ಹೋಗುವದಾದರೆ ಒಬ್ಬರಿಗೆ ಅಡ್ಡಿ ಬಂದರೂ ಇನ್ನೊಬ್ಬರು ಇರುವರು. ಬರಲಾಗದ ದಿನ ಒಂದು ಮಾತು ಹೇಳಿ ಕಳುಹಿಸಿರಿ. ಊರು ಬಿಟ್ಟು ಹೋಗಬೇಕಾದರೆ ವಿದಾಯ ಹೇಳಿ, ನಿಮ್ಮ ಬದಲಿಗೆ ಬರುವವನ ಕೈಯನ್ನು ಅಜ್ಜನ ಕೈಯಲ್ಲಿ ಇಟ್ಟು ಹೋಗಿರಿ. ಹಾಲೆಂಡ್ ದೇಶದ ಡೇವೆಂಟರ್ ಪಟ್ಟಣದ ಹ್ಯುಮಾನಿತಾಸ್ ಎಂಬ ವೃದ್ಧರ ಮನೆಯು ಬೇರೊಂದು ಉಪಾಯವನ್ನು ಹೂಡಿತು. ವಿದ್ಯಾರ್ಥಿಗಳಿಗೆ ಅಲ್ಲಿ ಬಾಡಿಗೆಯಿಲ್ಲದೆ ಕೋಣೆ ಕೊಟ್ಟು, ತಿಂಗಳಿಗೆ ೩೦ ತಾಸು ವೃದ್ಧರಿಗೆ ಒಳ್ಳೇ ನೆರೆಯವರಾಗಿರಬೇಕೆಂದು ಕರಾರು ಮಾಡಿತು. ಅಲ್ಲಿ ಸಂಗಾತವು ಬಂದು ಹೋಗುವಂಥದ್ದಲ್ಲ, ಪಕ್ಕದ ಬಾಗಿಲಲ್ಲಿಯೇ ಇರುವಂಥದ್ದು.

೫. ನಮ್ಮ ಕೈಗೆ ಎಟುಕುವ ಕೆಲಸಗಳೂ ಆಟಗಳೂ

ಮೇಲಿನ ಪಾಠಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಚ್ಚು ಹಣವಿಲ್ಲದೆ ಮಾಡಬಹುದಾದವುಗಳನ್ನು ಪರಿಶೀಲಿಸೋಣ.

ಮೊದಲನೆಯದು, ಕೈಕೆಲಸ. ಅವರೆ, ತೊಗರಿ ಸುಲಿಯುವದು, ಹುಣಸೆಹಣ್ಣಿನ ಬೀಜ ಬಿಡಿಸುವದು, ಅಕ್ಕಿಯಲ್ಲಿ ಕಲ್ಲು ಆರಿಸುವದು, ಬೆಳ್ಳುಳ್ಳಿ ಬಿಡಿಸುವದು, ಸೊಪ್ಪು ಸೋಸುವದು, ಹೂ ಕಟ್ಟುವದು, ಹಳೇ ಸೀರೆಗಳಿಂದ ಕೌದಿ ಹೊಲಿಯುವದು, ತೆಂಗಿನ ಗರಿಯ ಕಡ್ಡಿಗಳಿಂದ ಪೊರಕೆ ಕಟ್ಟುವದು, ಇವೆಲ್ಲಾ ಕೂತಲ್ಲಿಯೇ ಆಗುವ ಕೆಲಸಗಳು. ಆದರೆ ಆ ಕೆಲಸದಿಂದ ನಿಜವಾಗಿ ಉಪಯೋಗವಾಗಬೇಕು. ಸುಲಿದ ಅವರೆಯು ಅದೇ ದಿನದ ಹುಳಿಯಲ್ಲಿ ಎಲೆಗೆ ಬಂದು, "ಇದು ನಿಮ್ಮ ಕೈಯಿಂದಲೇ ಆದದ್ದು ಅಜ್ಜೀ" ಎಂದು ಬಡಿಸುವವರು ಹೇಳುವದಾದರೆ ಅದು ಕೆಲಸ. ಸುಲಿದದ್ದನ್ನು ಹಿಂದಿನಿಂದ ಚೆಲ್ಲಿಬಿಡುವದಾದರೆ ಅದು ಮೋಸ, ಮತ್ತು ವೃದ್ಧರು ಅದನ್ನು ಬೇಗ ಗುರುತಿಸುತ್ತಾರೆ. ಆಶ್ರಮದ ಖರ್ಚನ್ನು ಇಳಿಸುವದಕ್ಕಾಗಿ ಅವರನ್ನು ಬಲವಂತದಿಂದ ದುಡಿಸುವದೂ ಸಲ್ಲದು. ಬೇಕೆಂದವರಿಗೆ, ಬೇಕೆಂದಷ್ಟು.

ಎರಡನೆಯದು, ಆಟ. ಚೌಕಾಬಾರಕ್ಕೆ ಸೀಮೆಸುಣ್ಣದಿಂದ ಬರೆದ ೨೫ ಮನೆಗಳೂ ನಾಲ್ಕು ಕವಡೆಗಳೂ ಸಾಕು. ದಕ್ಷಿಣ ಕನ್ನಡದವರು ಚೆನ್ನೆಮಣೆಯೆಂದೂ ಮೈಸೂರು ಸೀಮೆಯವರು ಅಳಗುಳಿಮಣೆಯೆಂದೂ ಕರೆಯುವ ಹಲಗೆಯಲ್ಲಿ ಏಳೇಳು ಕುಳಿಗಳ ಎರಡು ಸಾಲುಗಳಿವೆ; ಹುಣಸೆಬೀಜಗಳನ್ನು ಒಂದೊಂದಾಗಿ ಹಾಕುತ್ತಾ ಹೋಗುವದರಿಂದ ಬೆರಳಿಗೂ ಲೆಕ್ಕಕ್ಕೂ ಸಾಧನೆಯಾಗುತ್ತದೆ. ಹುಲಿಕುರಿ ಆಟ, ಪಗಡೆ, ಕೇರಂ ಇವೂ ಇವೆ. ಕಣ್ಣು ಮಂಜಾದವರಿಗೆ ಗೆರೆಗಳನ್ನು ದಪ್ಪ ದಾರದಿಂದ ಬಟ್ಟೆಯ ಮೇಲೆ ಹೊಲಿದು ಕೊಟ್ಟರೆ ಬೆರಳಿನಿಂದ ತಡವಿ ಆಡುವರು. ನಡುಗುವ ಕೈಯವರಿಗೆ ದೊಡ್ಡ ಕಾಯಿಗಳನ್ನು ಕೊಡಬೇಕು. ಕಿವಿ ಮಂದವಾದವರನ್ನು ಆಟದಿಂದ ಬಿಡದೆ ಎದುರಿಗೆ ಕೂರಿಸಿ ಮುಖ ಕಾಣುವಂತೆ ಮಾತಾಡಬೇಕು. ಆಟದಲ್ಲಿ ಅವರನ್ನು ಬೇಕೆಂದು ಗೆಲ್ಲಿಸುವದು ಅವಮಾನವೇ. ಸೋತಾಗ ಜಗಳವಾಡುವ ಮುದುಕನು ಜೀವಕಳೆಯುಳ್ಳ ಮುದುಕನು.

ಮೂರನೆಯದು, ಹಾಡು, ಒಗಟು, ಗಾದೆ. ಕೇಳುವದಕ್ಕಿಂತ ಹಾಡುವದು ಮೇಲು. ನಾವು ಹೋಗಿ ಹಾಡಿ ಬರುವದರ ಬದಲಾಗಿ, ಅವರು ಚಿಕ್ಕಂದಿನಲ್ಲಿ ಕಲಿತ ಹಾಡುಗಳನ್ನು, ಅದು ಗೀತಪುಸ್ತಕದ್ದಾಗಲಿ ಬೀಸುವ ಕಲ್ಲಿನ ಪದವಾಗಲಿ ಸೋಬಾನೆಯಾಗಲಿ, ಅವರ ಬಾಯಿಂದಲೇ ಹೊರಡಿಸಿ ಕಲಿತುಕೊಳ್ಳೋಣ. ಒಂದು ಒಗಟನ್ನು ನಾವು ಹಾಕಿದರೆ ಅವರು ಹತ್ತು ಹಾಕುತ್ತಾರೆ.

ನಾಲ್ಕನೆಯದು, ನೆನಪಿನ ಮಾತು. ಮುದುಕರು ಹಳೇ ಕಾಲವನ್ನೇ ಹೇಳುತ್ತಿರುವದು ಬುದ್ಧಿಯ ಸಡಿಲವೆಂದು ಹಿಂದೆ ವೈದ್ಯರೂ ನೆನಸುತ್ತಿದ್ದರು. ೧೯೬೩ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೇರಿಕಾದ ವೈದ್ಯರು ಹಾಗಲ್ಲವೆಂದು ಬರೆದರು. ಮನುಷ್ಯನು ಅಂತ್ಯಕಾಲವು ಸಮೀಪಿಸಿದಾಗ ತನ್ನ ಜೀವಮಾನವನ್ನು ತಿರುಗಿ ನೋಡಿ, ತೀರದ ಲೆಕ್ಕಗಳನ್ನು ತೀರಿಸಿಕೊಳ್ಳುವದು ಸಹಜವಾದದ್ದೂ ಅವಶ್ಯವಾದದ್ದೂ ಆಗಿದೆಯೆಂದು ಅವರು ತೋರಿಸಿದರು. ಒಂದು ಸೇರು, ಒಂದು ಹಳೇ ಬೀಗ, ಒಂದು ಕಾಸು, ಒಂದು ಹಿಡಿ ರಾಗಿಯ ತೆನೆ, ಇಂಥಾ ವಸ್ತುವನ್ನು ಕೈಗೆ ಕೊಟ್ಟರೆ ಮಾತು ತಾನೇ ಹೊರಡುತ್ತದೆ. ಮಕ್ಕಳು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಮುಂದಿನ ವಾರ ಓದಿ ಹೇಳಲಿ. ಕೆಲವು ನೆನಪುಗಳು ಕಣ್ಣೀರು ತರುತ್ತವೆ. ಆಗ ಮಾತನ್ನು ಬೇರೆ ಕಡೆಗೆ ತಿರುಗಿಸದೆ ಹತ್ತಿರ ಕೂತಿರುವದೇ ಸಹಾಯ.

ಐದನೆಯದು, ದೇಹದ ಚಲನೆ. ೨೦೨೦ರಲ್ಲಿ ಲೋಕಾರೋಗ್ಯ ಸಂಸ್ಥೆಯು ೬೫ ವರುಷ ದಾಟಿದವರು ಬೀಳದಂತೆ, ಸಮತೋಲವನ್ನೂ ಬಲವನ್ನೂ ಬೆಳೆಸುವ ಚಟುವಟಿಕೆಯನ್ನು ವಾರದಲ್ಲಿ ೩ ದಿವಸವಾದರೂ ಮಾಡಬೇಕೆಂದು ಹೇಳಿತು. ಗಟ್ಟಿಯಾದ ಕುರ್ಚಿಯಲ್ಲಿ ಕೂತು ಕೈಗಳನ್ನು ಎತ್ತಿ ಇಳಿಸುವದು, ಹಿಮ್ಮಡಿಯನ್ನು ಎತ್ತುವದು, ಬಟ್ಟೆಯ ಚೆಂಡನ್ನು ಸುತ್ತಲೂ ಎಸೆದು ಹಿಡಿಯುವದು, ಬಲವಿದ್ದವರು ಕುರ್ಚಿಯ ಬೆನ್ನನ್ನು ಹಿಡಿದು ಎದ್ದು ಕೂರುವದು, ಇವುಗಳಿಗೆ ಖರ್ಚಿಲ್ಲ. ಹೃದ್ರೋಗ, ಮುರಿದ ಮೂಳೆ, ತಲೆ ತಿರುಗುವಿಕೆ ಇದ್ದವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಮಾಡಿಸಬಾರದು.

೬. ಮರೆವಿನ ರೋಗವುಳ್ಳವರು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ನಮ್ಮಲ್ಲಿದೆ. ಅದು ಪೂರಾ ಸತ್ಯವಲ್ಲ. ಹೆಚ್ಚಿನ ವೃದ್ಧರು ಕೊನೆಯ ವರೆಗೂ ಬುದ್ಧಿಯುಳ್ಳವರಾಗಿಯೇ ಇರುತ್ತಾರೆ. ಮಗನ ಹೆಸರನ್ನೂ ಮನೆಯ ದಾರಿಯನ್ನೂ ಮರೆಯಿಸುವಂಥಾ ಮರೆವು ಮುಪ್ಪಿನ ಗುಣವಲ್ಲ, ಮೆದುಳಿನ ರೋಗ. ಅದರ ಒಂದು ಮುಖ್ಯ ಬಗೆಯನ್ನು ೧೯೦೬ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಮೊದಲು ವಿವರಿಸಿದರು. ಈ ರೋಗದಲ್ಲಿ ಹೊಸದು ಮೊದಲು ಅಳಿಸಿಹೋಗುತ್ತದೆ, ಬಾಲ್ಯ ಯೌವನಗಳಲ್ಲಿ ಕಲಿತದ್ದು ಬಹುಕಾಲ ಉಳಿಯುತ್ತದೆ. ಆದಕಾರಣ ಬೆಳಿಗ್ಗೆ ತಿಂದದ್ದೇನೆಂದು ಹೇಳಲಾರದವಳು ಹಳೇ ಹಾಡನ್ನು ತಪ್ಪದೆ ಹಾಡುವದುಂಟು. ಅಮೇರಿಕಾದಲ್ಲಿ ಡ್ಯಾನ್ ಕೋಹೆನ್ ಎಂಬವರು ವೃದ್ಧರ ಮನೆಗಳಲ್ಲಿ ಒಬ್ಬೊಬ್ಬರಿಗೂ ಅವರವರ ಯೌವನಕಾಲದ ಹಾಡುಗಳನ್ನೇ ಹುಡುಕಿ ಕಿವಿಗೆ ಕೇಳಿಸಿದರು. ತಲೆ ತಗ್ಗಿಸಿ ಕೂತಿದ್ದವರು ತಲೆಯೆತ್ತಿ ಹಾಡಿದ್ದನ್ನು ೨೦೧೪ರಲ್ಲಿ ಪ್ರಕಟವಾದ ಒಂದು ಚಲನಚಿತ್ರದಲ್ಲಿ ಅನೇಕರು ಕಂಡರು. ಹಾಡು ರೋಗವನ್ನು ಗುಣಪಡಿಸುವದಿಲ್ಲ. ಆದರೆ ಆ ತಾಸು ಆ ಮನುಷ್ಯನಿಗೆ ತಿರುಗಿ ಸಿಕ್ಕುತ್ತದೆ.

ಇಂಥವರನ್ನು, "ನಾನು ಯಾರು ಹೇಳು ನೋಡೋಣ" ಎಂದು ಪರೀಕ್ಷಿಸಬಾರದು. "ಅಮ್ಮಾ, ನಾನು ನಿಮ್ಮ ತಂಗಿಯ ಮಗ" ಎಂದು ನಾವೇ ಮೊದಲು ಹೇಳಬೇಕು. ಒಂದು ಸಲಕ್ಕೆ ಒಂದೇ ಚಿಕ್ಕ ಕೆಲಸ ಕೊಡಬೇಕು. ಬಟ್ಟೆ ಮಡಿಸುವದು, ಕಾಳುಗಳನ್ನು ಬೇರೆ ಮಾಡುವದು ಅವರಿಗೆ ಹಿತವಾಗುತ್ತದೆ. ಆದರೆ ಬಾಯಿಗೆ ಹಾಕಿಕೊಳ್ಳುವ ಭಯವಿದ್ದರೆ ಚಿಕ್ಕ ಬೀಜಗಳನ್ನೂ ಸೂಜಿಯನ್ನೂ ಕೊಡಬಾರದು. ಗದ್ದಲವನ್ನು ಕಡಿಮೆ ಮಾಡಬೇಕು. ಮಡಿಸಿದ ಬಟ್ಟೆಯನ್ನು ಪುನಃ ಬಿಚ್ಚಿ ಮಡಿಸುತ್ತಿದ್ದರೆ ಗದರಿಸಬೇಡಿರಿ. ಆ ಕೈಗೆ ಕೆಲಸವಿದೆ, ಆ ಮನಸ್ಸಿಗೆ ಸಮಾಧಾನವಿದೆ.

೭. ಕಡೇ ಮಾತು

ಆ ವೃದ್ಧರ ಮನೆಗೆ ನಾವು ಈಗಲೂ ಹೋಗುತ್ತೇವೆ. ವಾರಕ್ಕೊಂದು ಸಲವೆಂದು ದೊಡ್ಡ ಮಾತು ಕೊಡುವದನ್ನು ಬಿಟ್ಟು, ತಿಂಗಳಿನ ಮೊದಲನೆಯ ಮತ್ತು ಮೂರನೆಯ ಶನಿವಾರವೆಂದು ಗೊತ್ತುಮಾಡಿ, ನಾಲ್ಕು ಜೋಡಿಗಳಾಗಿ ಸರದಿ ಹಾಕಿಕೊಂಡಿದ್ದೇವೆ. ಬಾಗಿಲ ಹತ್ತಿರ ಒಂದು ಪಂಚಾಂಗವನ್ನು ತೂಗುಹಾಕಿ ನಾವು ಬರುವ ದಿನಗಳಿಗೆ ಕೆಂಪು ಗುರುತು ಮಾಡಿದ್ದೇವೆ. ಪ್ರತಿ ಬೆಳಿಗ್ಗೆ ಆ ದಿನದ ಮೇಲೆ ಗೆರೆ ಎಳೆಯುವ ಕೆಲಸವು ಆ ಅಜ್ಜಿಯದು. ನಿನ್ನೆ ಯಾವುದು, ಇವತ್ತು ಯಾವುದು ಎಂಬದು ಆಕೆಗೆ ಈಗ ತಿಳಿದಿದೆ. ಅಷ್ಟೇ ಅಲ್ಲ, ಆ ಮನೆಯಲ್ಲಿ ಎಲ್ಲರೂ ತಾರೀಖನ್ನು ಆಕೆಯನ್ನೇ ಕೇಳುತ್ತಾರೆ.

ಆಲೋಚನೆಗಾಗಿ ಪ್ರಶ್ನೆಗಳು

೧. ಅನ್ನ, ವಸ್ತ್ರ, ಔಷಧ, ಹಾಸಿಗೆ ಇವುಗಳ ಹೊರತು ವೃದ್ಧರಿಗೆ ಬೇಕಾದವುಗಳು ಯಾವವು? ನ್ಯೂ ಬರ್ಲಿನ್ ಊರಿನ ವೈದ್ಯರು ಹೇಳಿದ ಮೂರು ರೋಗಗಳಿಗೆ ನಮ್ಮ ಹಳ್ಳಿಯಲ್ಲಿ ಸಿಕ್ಕುವ ಮದ್ದುಗಳನ್ನು ಹೆಸರಿಸಿರಿ.

೨. ಒಂದೇ ಗಿಡವು ಒಬ್ಬರಿಗೆ ಪ್ರಯೋಜನವಾಗಿ ಇನ್ನೊಬ್ಬರಿಗೆ ಆಗದೆ ಹೋದದ್ದು ಯಾಕೆ?

೩. ನಮ್ಮ ಮನೆಯಲ್ಲಿರುವ ಹಿರಿಯರ ಕೈಯಿಂದ ಪ್ರೀತಿಯ ಹೆಸರಿನಲ್ಲಿ ನಾವು ಕಿತ್ತುಕೊಂಡ ಕೆಲಸ ಯಾವದು? ಅದನ್ನು ತಿರುಗಿ ಕೊಡುವ ಬಗೆ ಹೇಗೆ?

೪. ದರ್ಜಿಯಜ್ಜನ ವಿಷಯದಲ್ಲಿ ನಾವು ಏನು ಮಾಡಬೇಕಾಗಿತ್ತು?

೫. ನಿಮ್ಮ ಊರಿನ ಹತ್ತಿರವಿರುವ ವೃದ್ಧರ ಮನೆಗೆ, ಇಲ್ಲವೆ ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಮುದುಕರ ಬಳಿಗೆ, ತಪ್ಪದೆ ಹೋಗಬಹುದಾದ ದಿನ ಯಾವದು? ಹೇಳುವದಕ್ಕೆ ಮೊದಲು ಎರಡು ಸಲ ಯೋಚಿಸಿರಿ. ಹೇಳಿದ ಮೇಲೆ ಬಾಗಿಲಲ್ಲಿ ಒಬ್ಬರು ಕಾದಿರುತ್ತಾರೆಂಬದನ್ನು ಮರೆಯಬೇಡಿರಿ.